ಕೊನೆಯ ವರ್ಷದ ಸಂಬಳ

ಕೆಳಗೆ ನಿಂತು ಸನ್ನೆ ಮಾಡಲು ಇವತ್ತು ಭಾವಮೈದ ಬಂದಿಲ್ಲ ಎಂದು ತಿಳಿದಾಗಲೇ ಕ್ರೇನ್ ಡ್ರೈವರನಿಗೆ ದಿಗಿಲಾಯಿತು. ಭಾವಮೈದ ಜ್ವರ ಬಂದು ಮಲಗಿದ್ದ. ಆ ಜಾಗಕ್ಕೆ ಮೇಸ್ತ್ರಿ ಪ್ಯಾಕಿಂಗ್ ವಿಭಾಗದಿಂದ ಹೆಂಗಸೊಬ್ಬಳನ್ನು ಕರೆತಂದಿದ್ದ.

ಡ್ರೈವರನ ಎಡಗಣ್ಣಿನ ನರ ಸೋತು ವರ್ಷವಾಗುತ್ತ ಬಂದಿತ್ತು. ಆಪರೇಷನ್ನಿನಿಂದಲೂ ಉಪಯೋಗವಿಲ್ಲ ಎಂದಿದ್ದರು ಡಾಕ್ಟರು. ಹೊರೆ ನೆಲದಿಂದ ಮೊಳ ಮೇಲಿದೆಯೋ ಗೇಣು ಮೇಲಿದೆಯೋ ಅವನಿಗೆ ತಿಳಿಯುತ್ತಿರಲಿಲ್ಲ. ಸ್ಟೋರಿನ ಕೆಲಸ ಕೇಳಬಹುದಿತ್ತು. ಆದರೆ ಸರ್ಕಾರ ಪಿಂಚಣಿ ಲೆಕ್ಕ ಹಾಕುವುದು ಕೊನೆಯ ವರ್ಷದ ಸಂಬಳ ನೋಡಿ. ಸ್ಟೋರಿಗೆ ಹೋದರೆ ಸಂಬಳ ಕಡಿಮೆ, ಆಮೇಲೆ ಸಾಯುವ ತನಕ ಪಿಂಚಣಿಯೂ ಕಡಿಮೆ. ವಯಸ್ಸು ತುಂಬುವ ಮೊದಲೇ ಕೆಲಸ ಬಿಟ್ಟರಂತೂ ಇನ್ನೂ ಕಡಿತ. ಕೆಲವು ತಿಂಗಳು ಹಲ್ಲು ಕಚ್ಚಿ ಕೂತರಾಯಿತು ಎಂದುಕೊಂಡು, ಭಾವಮೈದನೊಬ್ಬನಿಗೆ ಗುಟ್ಟು ಹೇಳಿದ್ದ.

"ನಾನಿದ್ದೀನಲ್ಲ ಭಾವ" ಎಂದಿದ್ದ ಅವನು. ಅಂದಿನಿಂದ ನಿಲ್ಲಿಸಬೇಕಾದ್ದಕ್ಕಿಂತ ಸ್ವಲ್ಪ ಮುಂಚೆಯೇ ಮುಷ್ಟಿ ಎತ್ತುತ್ತಿದ್ದ. ಅದನ್ನು ಕಂಡ ಮೇಲೆ ಡ್ರೈವರು ಇನ್ನೊಂದು ಚೂರು ಇಳಿಸುತ್ತಿದ್ದ. ಕೈಗೆ ಅದೇ ರೂಢಿಯಾಗಿಬಿಟ್ಟಿತ್ತು.

ಕಬ್ಬಿಣದ ಸರಳುಗಳ ಕಟ್ಟು ಲಾರಿಯ ಮೇಲಕ್ಕೆ ಇಳಿಯತೊಡಗಿತು. ಲಾರಿಯಲ್ಲಿ ಲೋಡರು ಕಟ್ಟಿನಡಿಗೆ ಇಡುವ ಮರದ ದಿಮ್ಮಿ ಸರಿಪಡಿಸುತ್ತಿದ್ದ. ಹೆಂಗಸು ನಿಲ್ಲಿಸಬೇಕಾದ ಹೊತ್ತಿಗೆ ಸರಿಯಾಗಿ ಮುಷ್ಟಿ ಎತ್ತಿದಳು. ಡ್ರೈವರನ ಕೈ ರೂಢಿಯಂತೆ ಇನ್ನೊಂದು ಚೂರು ಇಳಿಸಿತು.

ಕಿರುಚಾಟ ಕೇಳಿಸಿತು. ಲೋಡರು ಕೈ ಕಿತ್ತುಕೊಂಡಿದ್ದ. ಅವನ ಕೈಗವಸು ಮಾತ್ರ ಸರಳುಗಳ ಕೆಳಗೆ ಅಪ್ಪಚ್ಚಿಯಾಗಿತ್ತು.

"ಕೈ ತೋರ್ಸೋಕೆ ಬರಲ್ವೇನಮ್ಮ ನಿಂಗೆ?" ಮೇಸ್ತ್ರಿ ಹೆಂಗಸಿನ ಮೇಲೆ ಎಗರಿ ಬಿದ್ದ.

"ಸರಿಯಾಗೇ ತೋರಿಸ್ದೆ! ಅವರೇ ನಿಲ್ಲಿಸ್ಲಿಲ್ಲ."

"ಅವನು ಮೇಲೆ ಕೂತೇ ತಲೆ ನೆರೆಸಿಕೊಂಡವನು. ನೀನು ಇವತ್ತು ಬಂದವಳು. ಬಾಯಿ ಬೇರೆ! ನಾಳೆಯಿಂದ ಕೆಲಸಕ್ಕೆ ಬರಬೇಡ, ಹೋಗು."

ಡ್ರೈವರು ಏಣಿ ಇಳಿದು ಬಂದ. "ತಪ್ಪು ನಂದು. ಎಡಗಣ್ಣು ಕಾಣಲ್ಲ."

ಮೇಸ್ತ್ರಿ ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. "ಮೆಲ್ಲಗೆ ಮಾತಾಡೋ ಪುಣ್ಯಾತ್ಮ. ಜ್ವರ ಬಿಟ್ರೆ ನಿನ್ನ ಭಾವಮೈದ ಬಂದೇ ಬರ್ತಾನೆ. ಸುಮ್ನೆ ಮೇಲೆ ಹತ್ತು."

"ನಿಮಗೆ ಗೊತ್ತಿತ್ತಾ?"

"ಅವಳೊಬ್ಬಳನ್ನ ಬಿಟ್ಟು ಯಾರಿಗೆ ಗೊತ್ತಿಲ್ಲ ಹೇಳು? ನಿನ್ನ ಹೊರೆ ಬರ್ತಿದ್ರೆ ಜನ ಗೋಡೆ ಪಕ್ಕ ಸರಿಯಲ್ವಾ? ಪಿಂಚಣಿ ಕಷ್ಟ ನಂಗೂ ಗೊತ್ತಪ್ಪ. ನಾನೂ ಸೊಂಟನೋವಿಗೆ ಬೆಲ್ಟ್ ಬಿಗಿದುಕೊಂಡೇ ದಿನ ನೂಕ್ತಿದ್ದೀನಿ. ನಿನ್ನ ಹೊಟ್ಟೆ ಮೇಲೆ ನೀನೇ ಹೊಡ್ಕೋಬೇಡ."

ಹಿರಿಯನೆಂಬ ಮರ್ಯಾದೆಗೆ ಜನ ದಾರಿ ಬಿಡುತ್ತಾರೆ ಎಂದೇ ಡ್ರೈವರು ಇಷ್ಟು ದಿನ ನಂಬಿದ್ದ. ಲಾರಿಯ ಪಕ್ಕ ಲೋಡರು ಕುಕ್ಕರಗಾಲಲ್ಲಿ ಕೂತು, ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದ.

ಡ್ರೈವರು ಕ್ರೇನಿನ ಕೀಲಿಯನ್ನು ಮೇಸ್ತ್ರಿಯ ಅಂಗಿ ಜೇಬಿಗೆ ಹಾಕಿದ.

"ಅವಳನ್ನ ಕಳಿಸ್ಬೇಡಿ. ಸ್ಟೋರಲ್ಲಿ ಕುರ್ಚಿ ಖಾಲಿ ಇದ್ಯಾ?"

"ಇದೆ, ಅದರ ಕಾಲು ಮುರಿದಿದೆ."

"ಇರಲಿ ಬಿಡಿ. ಬಿದ್ರೆ ನಾನೊಬ್ಬನೇ ಬೀಳ್ತೀನಿ."