ಗೆರೆಯಿಲ್ಲದ ಸರ್ಕಲ್

ರಸ್ತೆಗೆ ಬಿಳಿ ಗೆರೆ ಎಳೆಯುವುದು ನನ್ನ ಕೆಲಸ. ನಮ್ಮ ತಂಡದವರೆಲ್ಲ ನನ್ನನ್ನು ಗೆರೆಯಕ್ಕ ಅಂತಲೇ ಕರೆಯುತ್ತಾರೆ. ಬಾಯ್ಲರಿನಲ್ಲಿ ಕುದಿಸಿದ ಬಣ್ಣವನ್ನು ತಳ್ಳುಗಾಡಿಗೆ ತುಂಬಿಕೊಂಡು, ಹಗ್ಗ ಹಿಡಿದು ಮಾಡಿದ ಗುರುತಿನ ಮೇಲೆ ತಲೆ ಬಗ್ಗಿಸಿ ನಡೆಯುತ್ತೇನೆ. ತಲೆ ಬಗ್ಗಿಸುವವಳು ಅಂತ ನನ್ನನ್ನು ಸಾಧು ಅಂದುಕೊಳ್ಳಬೇಡಿ. ನನ್ನ ಬಾಯಿ ಆ ಬಾಯ್ಲರಿಗಿಂತ ಬಿಸಿ ಅಂತ ನನ್ನ ಗಂಡ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಅವರು ನಮ್ಮ ಬಣ್ಣದ ಲಾರಿಯ ಡ್ರೈವರ್. ಹಾಗೆ ಹೇಳುವಾಗಲೂ ಒಮ್ಮೆ ಹಿಂದೆ ಮುಂದೆ ನೋಡಿಯೇ ಹೇಳುತ್ತಾರೆ, ಪಾಪ.

ನನ್ನ ಬಾಯಿಗೆ ಹೆಚ್ಚು ಸಿಕ್ಕವರು ಗಾಡಿ ಓಡಿಸುವವರು. ಹಸಿ ಬಣ್ಣದ ಮೇಲೆ ಚಕ್ರ ಹತ್ತಿಸಿದವರು, ಅಡ್ಡ ಇಟ್ಟ ಕೋನುಗಳನ್ನು ಗುದ್ದಿ ಹಾರಿಸಿದವರು, ದಾರಿ ಬಿಡು ಅಂತ ನನ್ನ ಬೆನ್ನ ಹಿಂದೆಯೇ ಹಾರ್ನ್ ಒತ್ತಿದವರು, ಇಂಥವರನ್ನೇ ಕಂಡು ಕಂಡು ನನಗೆ ಒಂದು ಮಾತು ಗಟ್ಟಿಯಾಗಿತ್ತು. ನಾನು ಎಳೆದ ಗೆರೆಯನ್ನು ಯಾರೂ ನೋಡುವುದಿಲ್ಲ. ಸಂಬಳ ಕೊಡುತ್ತಾರೆ, ಎಳೆಯುತ್ತೇನೆ, ಅಷ್ಟೇ.

ಮನೆಯಲ್ಲಿ ಜಗಳ ಹತ್ತಿಕೊಂಡದ್ದೂ ಇದೇ ಮಾತಿನಿಂದ. ನಮ್ಮ ಒಬ್ಬಳೇ ಮಗಳು ಬಸ್ ಓಡಿಸುವುದನ್ನು ಕಲಿತು ಕೆಲಸ ಗಿಟ್ಟಿಸಿಕೊಂಡಳು. ಅವಳಿಗೆ ಸಿಕ್ಕ ರೂಟು ಹೆದ್ದಾರಿಯ ದೊಡ್ಡ ಸರ್ಕಲ್ ಮೇಲೆಯೇ ಹೋಗುತ್ತದೆ. ಆ ಸರ್ಕಲ್ ಅಂದರೆ ಸಾಮಾನ್ಯ ಅಲ್ಲ. ಕೆಳಗೆ ಹೆದ್ದಾರಿ, ಮೇಲೆ ಬಳೆಯ ಹಾಗೆ ಅಗಲವಾದ ರಸ್ತೆ. ನಾಲ್ಕೂ ದಿಕ್ಕಿನಿಂದ ಗಾಡಿಗಳು ಬಂದು ಈ ಬಳೆಯೊಳಗೆ ಬೀಳುತ್ತವೆ. ಬೇಗ ಹೊರಗೆ ಹೋಗುವವರು ಹೊರಗಿನ ಲೇನು, ನೇರ ಹೋಗುವವರು ನಡುವಿನದು, ಸುತ್ತು ಹಾಕಿ ಹೋಗುವವರು ಒಳಗಿನದು. ಒಬ್ಬ ತಪ್ಪಿ ಅಡ್ಡ ನುಗ್ಗಿದರೂ ಮುಗಿಯಿತು.

"ಅಲ್ಲಿ ಮನುಷ್ಯರು ಗಾಡಿ ಓಡ್ಸಲ್ಲ ಕಣೇ, ಗೂಳಿಗಳು ಓಡ್ಸ್ತವೆ. ಬೇರೆ ರೂಟು ಕೇಳು," ಅಂದೆ.

"ಅಲ್ಲಿ ಗೆರೆ ಎಳೆದಿರೋದು ನೀನೇ ತಾನೆ?" ಅಂದಳು ಮಗಳು.

"ಎಳೆದ್ರೆ? ಯಾರು ನೋಡ್ತಾರೆ?"

"ನಿನ್ನ ಗೆರೆ ಮೇಲೆ ನಿನಗೇ ನಂಬಿಕೆ ಇಲ್ವಲ್ಲಮ್ಮ!"

ಆ ಮಾತು ನನಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅವತ್ತಿನಿಂದ ಇಬ್ಬರೂ ಮುಖ ಊದಿಸಿಕೊಂಡು ಕೂತೆವು. "ಊಟಕ್ಕೆ ಬರ್ಬೇಕಂತೆ" ಅಂತ ನಾನು ಅವಳ ಅಪ್ಪನಿಗೆ ಹೇಳುವುದು, "ಹಸಿವಿಲ್ವಂತೆ" ಅಂತ ಅವಳು ಅಪ್ಪನಿಗೆ ಹೇಳುವುದು. ನಡುವೆ ಸಿಕ್ಕಿದ ಆ ಮನುಷ್ಯ ಇಬ್ಬರ ಪಾಲಿನದನ್ನೂ ತಾವೇ ಉಂಡು ಎದ್ದು ಹೋಗುತ್ತಿದ್ದರು.

ಇಷ್ಟರಲ್ಲಿ ಆ ಸರ್ಕಲ್ಲಿಗೆ ಹೊಸ ಡಾಂಬರು ಬಿತ್ತು. ಹಳೆಯ ಗೆರೆಗಳೆಲ್ಲ ಹೋದವು. ಬೆಳಕು ಹರಿಯುವುದರೊಳಗೆ ಹೊಸ ಗೆರೆ ಎಳೆದು ರಸ್ತೆ ಬಿಟ್ಟುಕೊಡಬೇಕು ಅಂತ ನಾವು ರಾತ್ರಿ ಕೋನು ಇಟ್ಟು ರಸ್ತೆ ಮುಚ್ಚಿ, ನಡುವಿನ ಹುಲ್ಲುದಿಬ್ಬದ ಪಕ್ಕ ಲಾರಿ ನಿಲ್ಲಿಸಿ ಬಾಯ್ಲರ್ ಹಚ್ಚಿದೆವು. ಬಣ್ಣ ಕುದಿ ಬರುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಒದ್ದೆ ರಸ್ತೆಗೆ ನಮ್ಮ ಬಣ್ಣ ಕಚ್ಚುವುದಿಲ್ಲ, ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದುಬರುತ್ತದೆ. ಬೆಳಗಾದ ಮೇಲೆ ಮಳೆ ನಿಂತಿತು. ಆದರೆ ರಸ್ತೆ ಕರೀ ಕನ್ನಡಿಯ ಹಾಗೆ ಹೊಳೆಯುತ್ತಾ ಮಲಗಿತ್ತು.

ನಮ್ಮ ಕೆಲಸ ನೋಡಿಕೊಳ್ಳುವ ಇಂಜಿನಿಯರ್ ಫೋನ್ ಹಿಡಿದುಕೊಂಡೇ ದಿಬ್ಬಕ್ಕೆ ಬಂದರು. ನಿದ್ದೆಯಿಲ್ಲದೆ ಮುಖ ಬಾಡಿತ್ತು.

"ಅಕ್ಕ, ಇನ್ನು ತಡೆಯೋಕಾಗಲ್ಲ. ಗಾಡಿ ಸಾಲು ಕೆಳಗೆ ಹೆದ್ದಾರಿ ತನಕ ಇಳಿದಿದೆ. ಅಲ್ಲಿ ವೇಗವಾಗಿ ಬಂದೋರು ಹಿಂದಿನಿಂದ ಗುದ್ದಿದ್ರೆ ಹೆಣ ಬೀಳ್ತವೆ. ಗೆರೆ ಇಲ್ಲ, ನಿಧಾನ ಅಂತ ಬೋರ್ಡ್ ಹಾಕಿ ಬಿಡ್ತಿದ್ದೀನಿ."

"ಗೆರೆ ಇಲ್ದೆ ಬಿಡ್ತೀರಾ? ಈ ಸರ್ಕಲ್ಲಿಗಾ?"

"ಬೇರೆ ದಾರಿ ಹೇಳಿ, ಅದನ್ನೇ ಮಾಡೋಣ," ಅಂದರು.

ನನಗೆ ಭಯವಾದದ್ದು ಬೇರೆಯದಕ್ಕೆ. ಅಲ್ಲಿಯವರೆಗೆ ಮಗಳ ಪಕ್ಕ ಒಬ್ಬ ಹಿರಿಯ ಡ್ರೈವರ್ ಕೂರುತ್ತಿದ್ದರು. ಅವತ್ತು ಅವಳು ಒಬ್ಬಳೇ ಬಸ್ ತರುವ ಮೊದಲ ದಿನ. ಬೆಳಗಿನ ಮೊದಲ ಟ್ರಿಪ್ಪು ಇದೇ ಸರ್ಕಲ್ ಹಾದು ಹೋಗಬೇಕು.

"ಫೋನ್ ಮಾಡ್ರೀ ಅವಳಿಗೆ," ಅಂದೆ ಗಂಡನಿಗೆ.

"ಡ್ಯೂಟಿ ಮೇಲೆ ಫೋನ್ ಬಂದ್ ಮಾಡಿ ಇಟ್ಟಿರ್ತಾಳೆ. ಇಡ್ಲೇಬೇಕು."

"ಹಾಗಾದ್ರೆ ಸುಮ್ನೆ ನಿಂತ್ಕೊಂಡು ನೋಡೋದಾ?"

"ಮತ್ತೇನು ಮಾಡ್ತೀಯ? ಟೀ ಕುಡಿ," ಅಂದರು. ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿ ನನ್ನ ಕೈಗೆ ಕೊಟ್ಟರು.

ಕೋನುಗಳನ್ನು ತೆಗೆದರು. ನಾಲ್ಕೂ ಕಡೆಯಿಂದ ಗಾಡಿಗಳು ಬಂದೇ ಬಂದವು. ನಾವು ದಿಬ್ಬದ ಮೇಲೆ ಸಿಕ್ಕಿಹಾಕಿಕೊಂಡೆವು, ದಾಟಿ ಹೋಗುವ ಹಾಗೂ ಇಲ್ಲ. ನಾನು ಕಣ್ಣು ಮುಚ್ಚಿಕೊಂಡು ಗುದ್ದುವ ಸದ್ದಿಗಾಗಿ ಕಾದೆ. ಇಂಜಿನ್ ಸದ್ದು ಬಂತು, ಒದ್ದೆ ರಸ್ತೆಯ ಮೇಲೆ ಟೈರು ಸರಸರ ಅನ್ನುವುದು ಕೇಳಿತು. ಗುದ್ದುವ ಸದ್ದು ಮಾತ್ರ ಬರಲೇ ಇಲ್ಲ. ಕಣ್ಣು ಬಿಟ್ಟೆ.

ಏನು ಹೇಳಲಿ! ಕಪ್ಪು ರಸ್ತೆಯ ಮೇಲೆ ಗೆರೆಯ ಒಂದು ಚೂರೂ ಇರಲಿಲ್ಲ. ಆದರೂ ಲಾರಿಗಳು ಹೊರಗಿನ ಲೇನಿನಲ್ಲಿ ಇದ್ದವು. ನೇರ ಹೋಗುವವರು ನಡುವೆ, ಸುತ್ತು ಹಾಕುವವರು ದಿಬ್ಬಕ್ಕೆ ಒತ್ತಿಕೊಂಡು, ನನ್ನ ಕಾಲ ಬುಡದಲ್ಲೇ ಹೋಗುತ್ತಿದ್ದರು. ಒಳಗೆ ತಿರುಗುವವರು ದಾಟಲಿ ಅಂತ ಹೊರಗಿನವರು ರಸ್ತೆ ಬಂದು ಬಳೆಗೆ ಸೇರುವ ಬಾಯಲ್ಲಿ ನಿಂತು ಕಾಯುತ್ತಿದ್ದರು. ಚೂರು ಜಾಗ ಸಿಕ್ಕಾಗ ಒಬ್ಬೊಬ್ಬರೇ ಬಂದು ಸೇರಿಕೊಳ್ಳುತ್ತಿದ್ದರು. ಹೊರಗೆ ಹೋಗುವ ಮುಂಚೆ ಎಲ್ಲರೂ ಇಂಡಿಕೇಟರ್ ಹಾಕುತ್ತಿದ್ದರು. ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಒಬ್ಬರಿಗೊಬ್ಬರು ಮುಖ ಪರಿಚಯವೂ ಇಲ್ಲದ ಅಷ್ಟು ಜನ ಒಂದೇ ಮನೆಯವರ ಹಾಗೆ ನಡೆದುಕೊಳ್ಳುತ್ತಿದ್ದರು.

ನಾನು ಇದನ್ನು ಯಾವತ್ತೂ ನೋಡಿರಲಿಲ್ಲ. ನೋಡುವುದಾದರೂ ಹೇಗೆ? ನಾನು ಕೆಲಸ ಮಾಡುವುದು ರಸ್ತೆ ಮುಚ್ಚಿದಾಗ, ಇಲ್ಲವೇ ಗಾಡಿಗಳಿಗೆ ಬೆನ್ನು ಕೊಟ್ಟುಕೊಂಡು. ಕೋನು ಹಾರಿಸಿದವನು ಕಣ್ಣಿಗೆ ಬೀಳುತ್ತಾನೆ, ಸರಿಯಾಗಿ ಹೋದವನು ಹೋಗೇ ಬಿಟ್ಟಿರುತ್ತಾನೆ.

"ಇಲ್ಲಿ ನೋಡಿ ಅಕ್ಕ, ಮೂರನೇ ಬಾಯಿ ಹತ್ರ," ಅಂದರು ಇಂಜಿನಿಯರ್. "ಎಲ್ಲರೂ ಅಲ್ಲಿ ಚೂರು ಎಡಕ್ಕೆ ಬಳುಕ್ತಿದ್ದಾರೆ. ಯಾಕೆ? ಅಲ್ಲೇನೂ ಇಲ್ವಲ್ಲ!"

ನೋಡಿದೆ. ಹೌದು. ಕಾರು, ಲಾರಿ, ಹಾಲಿನ ಟ್ಯಾಂಕರು, ಎಲ್ಲವೂ ಅಲ್ಲಿಗೆ ಬಂದಾಗ ಮೆಲ್ಲನೆ ಒಂದು ಗೇಣಿನಷ್ಟು ಸರಿದು, ಮತ್ತೆ ನೇರವಾಗುತ್ತಿದ್ದವು. ಅಲ್ಲಿ ಹಿಂದೆ ಕುಸಿದುಹೋದ ಒಂದು ಮ್ಯಾನ್‌ಹೋಲ್ ಮುಚ್ಚಳ ಇತ್ತು. ಚಕ್ರ ಅದರೊಳಗೆ ಬೀಳದಿರಲಿ ಅಂತ ವರ್ಷಗಳ ಹಿಂದೆ ಅಲ್ಲಿ ಗೆರೆಯನ್ನು ಒಂದು ಗೇಣು ಹೊರಕ್ಕೆ ಬಳುಕಿಸಿದವಳು ನಾನೇ. ಯಾರೂ ಕೇಳಿರಲಿಲ್ಲ, ಯಾರೂ ಗಮನಿಸಿಯೂ ಇಲ್ಲ ಅಂದುಕೊಂಡಿದ್ದೆ. ಹೊಸ ಡಾಂಬರು ಹಾಕುವಾಗ ಆ ಮುಚ್ಚಳ ರಸ್ತೆಯ ಮಟ್ಟಕ್ಕೆ ಬಂದಿತ್ತು. ಗುಂಡಿ ಇಲ್ಲ, ಗೆರೆ ಇಲ್ಲ. ಬಳುಕು ಮಾತ್ರ ಹಾಗೇ ಉಳಿದಿತ್ತು.

ಇಂಜಿನಿಯರಿಗೆ ಹೇಳಿದೆ. ಅವರು ಹೆಲ್ಮೆಟ್ ತೆಗೆದು, ತಲೆ ಕೆರೆದುಕೊಂಡು, "ಅಬ್ಬಾ!" ಅಂದರು. ಅಷ್ಟು ಹೇಳುವಾಗ ನಾನು ಒಬ್ಬರನ್ನೂ ಬೈದಿರಲಿಲ್ಲ. ಅದನ್ನು ಕಂಡು ನನ್ನ ಗಂಡ ಗಾಬರಿಯಾಗಿ ಇನ್ನೊಂದು ಮುಚ್ಚಳ ಟೀ ಬಗ್ಗಿಸಿದರು.

ಆಗಲೇ ಬಸ್ ಬಂತು.

ಬಾಯಲ್ಲಿ ನಿಂತು ಕಾದು, ಜಾಗ ನೋಡಿ, ನಡುವಿನ ಲೇನಿಗೆ ಮೆಲ್ಲನೆ ಇಳಿಯಿತು. ಗಾಜಿನ ಹಿಂದೆ ಮಗಳ ಮುಖ ಕಂಡಿತು. ತುಟಿ ಬಿಗಿಹಿಡಿದಿದ್ದಳು. ಮಗುವಾಗಿದ್ದಾಗ ಔಷಧಿ ಕುಡಿಸುವಾಗಲೂ ಹಾಗೇ ಹಿಡಿಯುತ್ತಿದ್ದಳು.

ಅವಳ ಬಲಕ್ಕೆ, ಒಳಗಿನ ಲೇನಿನಲ್ಲಿ, ಒಂದು ಕೆಂಪು ಕಾರು ಇತ್ತು. ಅದರಲ್ಲಿದ್ದವನಿಗೆ ತನ್ನ ದಾರಿ ಬಂದೇಬಿಟ್ಟಿತು ಅಂತ ಆಗ ಗೊತ್ತಾಗಿರಬೇಕು. ಮೂತಿ ಎಡಕ್ಕೆ ತಿರುಗಿತು, ನೇರ ಬಸ್ಸಿನ ಕಡೆಗೆ. ನಾನು "ಅಯ್ಯೋ, ಬೇಡಪ್ಪಾ!" ಅಂತ ಚೀರಿದೆ. ಜನ್ಮವೆಲ್ಲ ಬೈದ ಬಾಯಿಯಿಂದ ಆ ಹೊತ್ತಿಗೆ ಬಂದದ್ದು ಅಷ್ಟೇ. ಮಗಳು ಹಾರ್ನ್ ಒತ್ತಲಿಲ್ಲ, ಹೊರಗಿನ ಲಾರಿಯ ಕಡೆಗೆ ಸರಿಯಲೂ ಇಲ್ಲ. ವೇಗವನ್ನು ಚೂರು ಇಳಿಸಿ, ಇದ್ದ ಜಾಗದಲ್ಲೇ ಇದ್ದಳು.

ಕಾರಿನ ಮೂತಿ ಅಲ್ಲೇ ತಡೆಯಿತು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಅದು ಬಲಕ್ಕೆ ಇಂಡಿಕೇಟರ್ ಹಾಕಿ, ತಪ್ಪಿದ ದಾರಿಯನ್ನು ತಪ್ಪಲು ಬಿಟ್ಟು, ಇನ್ನೊಂದು ಸುತ್ತಿಗೆ ಹೊರಟಿತು. ನನ್ನ ಮುಂದೆಯೇ ಹಾದು ಹೋಯಿತು. ಒಳಗೆ ಟೈ ಕಟ್ಟಿದ ಒಬ್ಬ ಮನುಷ್ಯ. ಅವನಿಗೂ ಎಲ್ಲೋ ತಡವಾಗಿತ್ತೋ ಏನೋ. ಅವನಿಗೆ ಕೈ ಮುಗಿಯೋಣ ಅನ್ನಿಸಿತು, ಮುಗಿದೂ ಬಿಟ್ಟೆ.

ಬಸ್ ಮೂರನೇ ಬಾಯಿಯ ಹತ್ತಿರ ಬಂತು. ಇಲ್ಲದ ಗುಂಡಿಯ ಪಕ್ಕ, ಇಲ್ಲದ ಗೆರೆಯ ಗುಂಟ, ಅಷ್ಟು ದೊಡ್ಡ ಬಸ್ಸು ಒಂದೇ ಒಂದು ಗೇಣು ಬಳುಕಿತು. ಎಡಕ್ಕೆ ಇಂಡಿಕೇಟರ್ ಹಾಕಿ ಹೊರಟುಹೋಯಿತು.

"ಇಷ್ಟು ದೊಡ್ಡ ಲಾರಿ ಇದೆ, ಅಪ್ಪ ಅಮ್ಮ ಇಲ್ಲೇ ನಿಂತಿದ್ದೀವಿ," ಅಂದರು ನನ್ನ ಗಂಡ, ಮುಖ ಚಿಕ್ಕದು ಮಾಡಿಕೊಂಡು. "ಒಂದ್ಸಲ ಈ ಕಡೆ ನೋಡ್ಲೂ ಇಲ್ಲ."

"ನೋಡ್ಬಾರ್ದು ರೀ. ನೋಡ್ದೇ ಇದ್ದಿದ್ದಕ್ಕೇ ಅವಳು ಡ್ರೈವರ್," ಅಂದೆ. ಅಂದವಳೇ ಅತ್ತುಬಿಟ್ಟೆ. ಭಯಕ್ಕಲ್ಲ. ಅಷ್ಟೊಂದು ಜನ ಇಷ್ಟು ವರ್ಷ ನನ್ನ ಕೈಯ ಮಾತು ಕೇಳುತ್ತಿದ್ದರು, ನನಗೇ ಗೊತ್ತಿರಲಿಲ್ಲವಲ್ಲ ಅಂತ.

ಮಧ್ಯಾಹ್ನದ ಬಿಸಿಲಿಗೆ ರಸ್ತೆ ಒಣಗಿತು. ಒಂದೊಂದೇ ಲೇನಿಗೆ ಕೋನು ಇಟ್ಟು ಕೆಲಸ ಶುರು ಮಾಡಿದೆವು. ಮೂರನೇ ಬಾಯಿಯ ಹತ್ತಿರ ಹಗ್ಗ ಹಿಡಿಯುವಾಗ ಇಂಜಿನಿಯರನ್ನು ಕೇಳಿದೆ, "ನಕ್ಷೆಯಲ್ಲಿ ಇಲ್ಲಿ ನೇರ ಇದೆ. ಏನು ಮಾಡ್ಲಿ?"

ಅವರು ರಸ್ತೆಯ ಮೇಲೆ ಟೈರುಗಳು ಬಿಟ್ಟುಹೋದ ಕೆಸರಿನ ಜಾಡು ನೋಡಿದರು. "ನಕ್ಷೆ ನಾನು ತಿದ್ಕೋತೀನಿ. ಇಷ್ಟು ಜನ ಒಪ್ಪಿರೋದನ್ನ ನಾವ್ಯಾಕೆ ಕೆಡಿಸ್ಬೇಕು?" ಅಂದರು.

ತಳ್ಳುಗಾಡಿ ಹಿಡಿದೆ. ಬಿಸಿ ಬಣ್ಣ ಬುಸ್ಸೆಂದು ಇಳಿಯಿತು. ಎಂದಿನ ಹಾಗೆ ತಲೆ ಬಗ್ಗಿತ್ತು, ಬೆನ್ನು ಗಾಡಿಗಳ ಕಡೆಗಿತ್ತು.

"ಮಗಳ ಬಸ್ ಬಂತು ಕಣೇ, ಎರಡನೇ ಟ್ರಿಪ್ಪು!" ಅಂತ ಲಾರಿಯಿಂದ ನನ್ನ ಗಂಡ ಕೂಗಿದರು.

ಕೋನುಗಳ ಆಚೆ, ನನ್ನ ಬೆನ್ನಿಗೆ ತೀರಾ ಹತ್ತಿರ, ಬಸ್ಸಿನ ಸದ್ದು ಬಂತು. ಅದರ ಗಾಳಿ ನನ್ನ ಕತ್ತಿಗೆ ತಾಗಿತು. ನಾನು ತಿರುಗಿ ನೋಡಲಿಲ್ಲ. ಗೆರೆ ಎಳೆಯುತ್ತಾ ಮುಂದೆ ಹೋದೆ.