ಬಾಯ್ತುಂಬ ನೀರು

“ಉಗಿಯೇ ಮುಂಡೆ! ನುಂಗೋಕೆ ನೋಡ್ತಿದೀಯಾ?”

ಗುಬ್ಬಿ ಬಗ್ಗಿ ಚರಂಡಿಗೆ ಉಗಿದಳು. ನೀರು, ಬರೀ ನೀರು. ಯಜಮಾನ ಕುರ್ಚಿಯಿಂದ ಅರ್ಧ ಎದ್ದು, ಹರಿದದ್ದರ ಬಣ್ಣ ನೋಡಿ, ಮತ್ತೆ ಕೂತ.

“ಹ್ಞೂಂ, ತೊಲಗು. ಮುಂದಿನವಳು ಬಾ.”

ಆ ಕೊಟ್ಟಿಗೆಯ ರೂಢಿಯೇ ಅದು. ಬೆಳಗ್ಗೆ, ಸಂಜೆ ಹಾಲು ಕರೆಯಲು ಕೂರುವ ಮೊದಲು ಹೆಂಗಸರೆಲ್ಲ ತೊಟ್ಟಿಯ ಹತ್ತಿರ ಸಾಲಾಗಿ ನಿಂತು ಬಾಯಿ ತುಂಬ ನೀರು ತುಂಬಿಕೊಳ್ಳಬೇಕು. ಕೊನೆಯ ಹಸುವಿನ ಕೆಚ್ಚಲು ಬರಿದಾಗುವ ತನಕ ಹಾಗೆಯೇ ಇಟ್ಟುಕೊಂಡಿದ್ದು, ಬಾಗಿಲಲ್ಲಿ ಯಜಮಾನನ ಎದುರು ಉಗಿಯಬೇಕು. ನೀರು ಬಿದ್ದರೆ ಆ ಹೊತ್ತಿಗೆ ಬಚಾವು. ಬೆಳ್ಳಗೆ ಬಿದ್ದರೆ, ಇಲ್ಲವೇ ಏನೂ ಬೀಳದಿದ್ದರೆ, ಕೆಲಸವೂ ಇಲ್ಲ, ಕೊಟ್ಟಿಗೆಯ ಹಿಂದಿನ ಗುಡಿಸಲೂ ಇಲ್ಲ. ಹೆಂಗಸರು ಮೂಗಿನಲ್ಲೇ ಕೆಮ್ಮುವುದನ್ನು ಕಲಿತಿದ್ದರು. ಹಸು ಒದ್ದರೆ ನೋವನ್ನೂ ಮೂಗಿನಲ್ಲೇ ಹೇಳಿಕೊಳ್ಳುತ್ತಿದ್ದರು.

ಈ ರೂಢಿ ಹುಟ್ಟಿದ್ದು ಗುಬ್ಬಿಯ ಮಗಳ ಕೆನ್ನೆಯಿಂದ.

ಮಗು ಮೊದಲು ಕಡ್ಡಿಯ ಹಾಗಿತ್ತು. ಗುಬ್ಬಿಯ ಎದೆ ಬತ್ತಿದ ಮೇಲೆ ಅದಕ್ಕೆ ಸಿಕ್ಕುತ್ತಿದ್ದದ್ದು ಹಿಟ್ಟು ಕದಡಿದ ಗಂಜಿ. ಗಂಜಿಯೂ ಅಲ್ಲ, ಗಂಜಿ ತೊಳೆದ ನೀರು ಎನ್ನಬೇಕು. ಹಾಗಿದ್ದದ್ದು ಇದ್ದಕ್ಕಿದ್ದ ಹಾಗೆ ಉಬ್ಬತೊಡಗಿತು. ಕೆನ್ನೆ ಗುಂಡಗಾಯಿತು, ಪಾದ ಮೆತ್ತೆಯಂತಾಯಿತು. ಅತ್ತೆಗೆ ಸ್ವರ್ಗ ಮೂರೇ ಗೇಣು.

“ನೋಡೇ, ನನ್ನ ಗಂಜಿ ಹೆಂಗೆ ಹತ್ತಿದೆ ಮೈಗೆ! ಅಳು ಇಲ್ಲ, ಹಟ ಇಲ್ಲ, ಕೂರಿಸಿದ ಕಡೆ ಕೂತಿರ್ತಾಳೆ ಬಂಗಾರಿ. ಕೂದಲಂತೂ ದೊಡ್ಡೋರ ಮನೆ ಮಕ್ಕಳ ಥರ ಕೆಂಚಗಾಗ್ತಿದೆ.”

ಅತ್ತೆಯೇ ಅದಕ್ಕೆ ಗುಂಡಮ್ಮ ಎಂದು ಹೆಸರಿಟ್ಟಳು. ಗುಬ್ಬಿ ಕೆಲಸಕ್ಕೆ ಬರುವಾಗ ಮಗುವನ್ನು ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂರಿಸುತ್ತಿದ್ದಳು. ನಾಲ್ಕು ಜನ ನೋಡಲಿ ಎನ್ನುವ ಆಸೆ ಅವಳಿಗೂ ಇತ್ತು. ನೋಡಿದವನು ಯಜಮಾನ.

“ಕೂಲಿಯವಳ ಮಗಳಿಗೆ ಈ ಕೆನ್ನೆ ಎಲ್ಲಿಂದ ಬಂತೇ? ನನ್ನ ಮೊಮ್ಮಗನಿಗೇ ಇಲ್ಲವಲ್ಲ!”

“ಗಂಜಿ ಕುಡೀತಾಳೆ, ಯಜಮಾನ್ರೇ.”

“ಗಂಜಿ! ನನ್ನ ಕಿವಿಗೇ ಹೂವು ಇಡ್ತೀಯಾ, ಬೋಸುಡಿ?”

ಮಾರನೆಯ ಬೆಳಗ್ಗೆಯಿಂದ ಬಾಯಿಗೆ ನೀರು ಬಂತು. ಪಕ್ಕದ ಹಸು ಕರೆಯುವ ಕುಳ್ಳಕ್ಕ ತೊಟ್ಟಿಯ ಹತ್ತಿರ ದಿನಾ ಚುಚ್ಚುತ್ತಿದ್ದಳು: “ಕುಡಿದಿದ್ದು ನಿನ್ನ ಮಗಳು, ಬಾಯಿ ಮುಕ್ಕಳಿಸೋದು ನಾವು. ಕದಿಯೋದು ಕದ್ದೆ, ನನಗೂ ಒಂದು ಗುಟುಕು ಇಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?”

“ನನ್ನ ಮಗಳ ಆಣೆ, ಒಂದು ತೊಟ್ಟೂ ಮುಟ್ಟಿಲ್ಲ ಅಕ್ಕಾ.”

“ಆ ಕೆನ್ನೆ ಇಟ್ಕೊಂಡು ಆಣೆ ಬೇರೆ ಮಾಡ್ತಾಳೆ!”

ಕಳ್ಳಿ ಅನ್ನಿಸಿಕೊಂಡದ್ದು ಉರಿಯುತ್ತಿತ್ತು. ಆದರೂ ಆ ಉರಿಯ ತಳದಲ್ಲಿ ಸಣ್ಣದೊಂದು ಹೆಮ್ಮೆ. ಹಾಲು ಕುಡಿದ ಮಗುವಿನಂತೆ ಕಾಣುತ್ತಾಳಲ್ಲ ನನ್ನ ಮಗಳು ಎಂದು.

ಆ ಹೆಮ್ಮೆಯನ್ನು ಮುರಿದವಳು ನರ್ಸಮ್ಮ. ಸೂಜಿ ಹಾಕಲು ಗುಡಿಸಲಿನ ಸಾಲಿಗೆ ಬಂದವಳು ಗುಂಡಮ್ಮನನ್ನು ನೋಡಿ ಸೂಜಿಯನ್ನು ಪಕ್ಕಕ್ಕಿಟ್ಟಳು. ಅತ್ತೆ ಮೊಮ್ಮಗಳನ್ನು ಎತ್ತಿ ತೋರಿಸುತ್ತ, “ಹೊರೋಕೇ ಆಗಲ್ಲ ನೋಡಿ, ಅಳದೆ ಕೂತಿರ್ತಾಳೆ,” ಎಂದು ನಕ್ಕಳು. ನರ್ಸಮ್ಮ ನಗಲಿಲ್ಲ. ಮಗುವಿನ ಪಾದದ ಮೇಲೆ ಹೆಬ್ಬೆಟ್ಟು ಒತ್ತಿ, ಸ್ವಲ್ಪ ಹೊತ್ತು ಹಿಡಿದು, ತೆಗೆದಳು. ಹಸಿ ಮಣ್ಣಿನಲ್ಲಿ ಒತ್ತಿದ ಹಾಗೆ ಅಲ್ಲೊಂದು ಗುಳಿ ಉಳಿಯಿತು.

“ಇದು ಮೈ ಅಲ್ಲಮ್ಮ, ನೀರು. ಹೊಟ್ಟೆಗೆ ಸತ್ವ ಇಲ್ಲದೆ ಮೈಯೆಲ್ಲ ನೀರು ತುಂಬಿದೆ. ಅಳದೆ ಕೂತಿರ್ತಾಳೆ ಅಂದ್ಯಲ್ಲ, ಅಳೋಕೆ ತ್ರಾಣ ಇಲ್ಲ ಅದಕ್ಕೆ. ಕೂದಲು ಕೆಂಚಗಾಗಿರೋದೂ ಅದೇ ರೋಗ.”

“ರೋಗ ಯಾವುದು?” ಗುಬ್ಬಿ ಕೇಳಿದಳು.

“ಹಸಿವು.”

ಅತ್ತೆ ಗುಳಿಯನ್ನು ಬೆರಳಿನಿಂದ ಸವರಿದಳು, ಸವರಿದರೆ ಮಟ್ಟವಾದೀತೇನೋ ಎನ್ನುವಂತೆ. ಪಟ್ಟಣದ ಆಸ್ಪತ್ರೆಗೆ ಸೇರಿಸಲೇಬೇಕು, ನಾನೇ ಗಾಡಿ ಕಳಿಸುತ್ತೇನೆ, ಅಲ್ಲಿಯವರೆಗೆ ಚೂರು ಚೂರೇ ಹಾಲು ಕೊಡುತ್ತಿರಿ ಎಂದು ಹೇಳಿ ನರ್ಸಮ್ಮ ಹೋದಳು.

ಗಾಡಿ ಬರಲಿಲ್ಲ. ಗುಬ್ಬಿ ಯಜಮಾನನ ಮುಂದೆ ನಿಂತಳು.

“ಪಟ್ಟಣಕ್ಕೆ ಹೋಗ್ತೀಯಾ? ಹೋಗು. ನಿನ್ನ ಹಸುಗಳನ್ನ ನಿಮ್ಮಪ್ಪ ಬಂದು ಕರೀತಾನಾ? ಹೋದವಳು ಮತ್ತೆ ಬರಬೇಡ.”

“ಹಾಗಾದ್ರೆ ಒಂದು ಲೋಟ ಹಾಲಾದ್ರೂ ಕೊಡಿ ಬುದ್ಧಿ. ಮಗೂಗೆ.”

ಯಜಮಾನ ಅಕ್ಕಪಕ್ಕದವರನ್ನೆಲ್ಲ ನೋಡಿ ನಕ್ಕ. “ಕೇಳಿದ್ರೇನ್ರೋ! ಊದಿಕೊಂಡು ಸಿಡಿಯೋ ಹಾಗಿದೆ ಅದು. ಇನ್ನೂ ಹಾಲು ಬೇಕಂತೆ! ಕದ್ದಿದ್ದು ಸಾಲಲಿಲ್ಲವೇನೇ?”

ಸಂಜೆ ಗುಬ್ಬಿ ಎಲ್ಲರಂತೆ ಬಾಯಿ ತುಂಬ ನೀರು ತುಂಬಿಕೊಂಡು ಕೂತಳು. ಕೊನೆಯ ಹಸುವಿನ ಹೊಟ್ಟೆಗೆ ಹಣೆ ಆನಿಸಿ, ಬಾಯಲ್ಲಿದ್ದ ನೀರನ್ನು ಗಟಗಟ ಕುಡಿದುಬಿಟ್ಟಳು. ಕೆಚ್ಚಲಿನ ಕೆಳಗೆ ಬಗ್ಗಿ ಮೊಲೆಯನ್ನು ತನ್ನ ಬಾಯಿಗೆ ತಿರುಗಿಸಿದಳು. ಬೆಚ್ಚನೆಯ ಹಾಲು ಕೆನ್ನೆಯೊಳಗೆಲ್ಲ ತುಂಬಿತು. ಬೆಳಗ್ಗಿನಿಂದ ನೀರು ಬಿಟ್ಟು ಏನೂ ಕಾಣದ ಗಂಟಲು ತಾನಾಗಿಯೇ ನುಂಗಲು ಹೋಯಿತು. ಹಲ್ಲು ಕಚ್ಚಿ ತಡೆದಳು. ಪಕ್ಕದಿಂದ ಕುಳ್ಳಕ್ಕ ನೋಡಿದಳು. ನೋಡಿ, ಮುಖ ಆ ಕಡೆ ತಿರುಗಿಸಿದಳು.

ಬಾಗಿಲಲ್ಲಿ ಯಜಮಾನ, “ಉಗಿ,” ಎಂದ.

ಗುಬ್ಬಿ ಉಗಿಯಲಿಲ್ಲ. ಅವನನ್ನು ದಾಟಿ ನಡೆದಳು.

“ಏಯ್! ಉಗಿಯೇ! ನಿಲ್ಲೇ ಕಳ್ಳ ಮುಂಡೆ!”

ಅವಳು ಓಡಲಿಲ್ಲ, ಓಡಿದರೆ ತುಳುಕೀತು. ಗುಡಿಸಲಿನಲ್ಲಿ ಅತ್ತೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. “ಮಧ್ಯಾಹ್ನದಿಂದ ಕಣ್ಣು ಬಿಟ್ಟಿಲ್ಲ ಕಣೇ,” ಎಂದಳು.

ಗುಬ್ಬಿ ಮಂಡಿಯೂರಿ ಮಗುವಿನ ತುಟಿಗೆ ತುಟಿ ಕೊಟ್ಟು ಒಂದಿಷ್ಟು ಬಿಟ್ಟಳು. ಹಾಲು ಒಳಗೆ ಹೋಗಲಿಲ್ಲ. ಬಾಯಿಯ ಮೂಲೆಯಿಂದ ಇಳಿದು ಕಿವಿಯ ಹತ್ತಿರ ನಿಂತಿತು. ಇನ್ನೊಂದಿಷ್ಟು ಬಿಟ್ಟಳು. ಅದೂ ಅದೇ ದಾರಿ ಹಿಡಿಯಿತು. ಅತ್ತೆ ಸೆರಗಿನಿಂದ ಒರೆಸಲು ಹೋಗಿ, ಹಾಲಲ್ಲವೇ ಎಂದು ಕೈ ಹಿಂದಕ್ಕೆ ಎಳೆದುಕೊಂಡಳು.

ಬಾಗಿಲಿಗೆ ಕತ್ತಲೆ ಕಟ್ಟಿದಂತೆ ಯಜಮಾನ ಬಂದು ನಿಂತ. “ಸಿಕ್ಕಿಬಿದ್ಯಲ್ಲ! ಏನೇ ಬಾಯಲ್ಲಿ? ಉಗಿ! ಎಲ್ಲರ ಮುಂದೆ ಉಗಿ!”

ಬಾಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಅವಳಿಗೆ ಅಳಲಿಕ್ಕೂ ಆಗಲಿಲ್ಲ, ಮಾತಾಡಲಿಕ್ಕೂ ಆಗಲಿಲ್ಲ. ಎದ್ದು ಅವನ ಬಲಗೈ ಮಣಿಕಟ್ಟನ್ನು ಹಿಡಿದಳು. ವರ್ಷಗಟ್ಟಲೆ ಕೆಚ್ಚಲು ಹಿಂಡಿದ ಕೈ ಅವಳದು. ಅವನು ಕೊಸರಿದಷ್ಟೂ ಬಿಗಿಯಾಯಿತು. ಎಳೆದ ರಭಸಕ್ಕೆ ಮಂಡಿಯೂರಿದ.

“ಬಿಡೇ! ಬಿಡು ಅಂದೆ!”

ಅವನ ಹೆಬ್ಬೆಟ್ಟನ್ನು ಬಿಡಿಸಿ ಮಗುವಿನ ಪಾದದ ಮೇಲಿಟ್ಟು, ಉಗುರು ಬಿಳಚುವ ತನಕ ಒತ್ತಿ ಹಿಡಿದಳು. ಎತ್ತಿದಳು. ಅವನ ಬೆರಳಿನ ಅಳತೆಯ ಗುಳಿ ಅಲ್ಲಿ ಉಳಿಯಿತು. ಯಜಮಾನ ಬೇರೆ ಕಡೆ ನೋಡಿದ. ಬಾಗಿಲಲ್ಲಿ ಗುಂಪುಗೂಡಿದ ಹೆಂಗಸರು ಗುಳಿಯನ್ನೇ ನೋಡುತ್ತಿದ್ದರು. ಮಗು ಅಲುಗಲಿಲ್ಲ.

ಗುಬ್ಬಿ ಕೈ ಬಿಡಲಿಲ್ಲ. ಅದೇ ಬೆರಳನ್ನು ಚೂರು ಮೇಲಕ್ಕೆ, ಮೊಣಕಾಲಿನ ಕಡೆಗೆ ಸರಿಸಿ ಇನ್ನೊಂದು ಒತ್ತಿದಳು. ಮೊದಲಿನದು ಇನ್ನೂ ತುಂಬಿರಲಿಲ್ಲ.