ಖಂಡಪ್ಪನನ್ನು ಒಳಗೆ ತಂದದ್ದು

ವಾಗದರಿಯ ತುಳಜಾಬಾಯಿಯ ಮನೆಗೆ ಯಾರೇ ಬಂದರೂ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಮೊದಲನೆಯದು, "ಖಂಡಪ್ಪ ಎಲ್ಲಿ ಅದಾನ?" ಅದಕ್ಕೆ ಆಕೆಯ ಉತ್ತರ, "ಕುರಿ ಹಿಂದ ಹೋಗ್ಯಾನ್ರಿ." ಎರಡನೆಯದು, "ಯಾವಾಗ ಬರ್ತಾನ?" ಅದಕ್ಕೆ, "ಅಮಾಸಿಗಿ ಬರ್ತಾನ್ರಿ." ಇಷ್ಟಾದ ಮೇಲೆ ಬಂದವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಹೆಣ್ಣು ಕೊಡುವವರು ಹೀಗೇ ಹೋದರು, ಉಣ್ಣೆ ಕೊಳ್ಳುವವರು ಹೋದರು, ಜನಗಣತಿಗೆ ಬಂದ ಶಾಲೆಯ ಮಾಸ್ತರರೂ ಹೋದರು. ಮಾಸ್ತರರಿಗೆ ಮಾತ್ರ ಸ್ವಲ್ಪ ಪೇಚಾಯಿತು. ಸರಕಾರದ ಲೆಕ್ಕದಲ್ಲಿ ಮನುಷ್ಯನೆಂದಮೇಲೆ ಒಂದು ಮನೆಯೊಳಗೆ ಇರಬೇಕು. ಖಂಡಪ್ಪನಿಗೆ ಮನೆ ಇತ್ತು; ಅವನು ಅದರೊಳಗೆ ಇರುತ್ತಿರಲಿಲ್ಲ, ಅಷ್ಟೇ.

ಖಂಡಪ್ಪ ತುಳಜಾಬಾಯಿಯ ತಮ್ಮ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದವಳು ಅಕ್ಕ. ಗಂಡ ಸತ್ತು ಆಕೆ ತವರಿಗೆ ಮರಳಿದ ಮೇಲಂತೂ ಆಕೆಗೆ ಅವನು, ಅವನಿಗೆ ಕುರಿ. ಮೀಸೆ ಮೂಡುವ ಮೊದಲೇ ಅವನು ಒಳಗೆ ಮಲಗುವುದನ್ನು ಬಿಟ್ಟಿದ್ದ. ತಲೆಯ ಮೇಲೆ ಮಾಳಿಗೆ ಇದ್ದರೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದ. ಅಮಾವಾಸ್ಯೆಗೆ ಬಂದರೂ ಹೊರಗಿನ ಕಟ್ಟೆಯ ಮೇಲೆ ಕೂತು ಉಂಡು, ತಾಟು ತೊಳೆದಿಟ್ಟು, ಕಂಬಳಿ ಹೆಗಲಿಗೇರಿಸಿ ನಡೆದುಬಿಡುವವನೇ. ಮೊದಲ ಚುನಾವಣೆಯಲ್ಲಿ ಓಟು ಹಾಕಲು ಶಾಲೆಯ ಕೋಣೆಯೊಳಗೆ ಹೋಗಬೇಕೆಂದು ತಿಳಿದಾಗ ಬಾಗಿಲಲ್ಲೇ ನಿಂತು, "ನಂದೂ ನೀವೇ ಹಾಕ್ರಿ, ಎಲ್ಲಾರೂ ನಮ್ಮವರೇ ಅದಾರ," ಎಂದು ಹೇಳಿ ಹೊರಟುಹೋದ.

ಹೊರಗೆ ಮಾತ್ರ ಅವನಿಗೆ ಸರಿಸಮಾನರಿರಲಿಲ್ಲ. ಕೊರಳಿಗೆ ಕುರಿಮರಿ ಕಟ್ಟಿಕೊಂಡು ತುಂಬಿದ ಭೀಮಾ ಹೊಳೆ ಈಜಿದವನು. ತೋಳ ಒಂದು ಮರಿ ಒಯ್ದರೆ, "ಅದೂ ನಮ್ಮಂಗ ಹೊರಗಿರೂದು, ತಿನ್ಲಿ," ಎಂದು ಸುಮ್ಮನಿರುತ್ತಿದ್ದ. ಎರಡನೆಯದಕ್ಕೆ ಬಾಯಿ ಹಾಕಿದರೆ ಬೆನ್ನಟ್ಟಿ ಹೋಗಿ ಕಸಿದುಕೊಂಡು ಬರುತ್ತಿದ್ದ. ಗಾಳಿ ಮೂಸಿ ಮಳೆ ಹೇಳುತ್ತಿದ್ದ. ಮಳೆ ಬಾರದಿದ್ದರೆ, "ನಾ ಹೇಳಿದ್ದು ಬರೋಬರಿ ಇತ್ತು, ಮಳಿ ತಪ್ಪು ಮಾಡ್ತು," ಎನ್ನುತ್ತಿದ್ದ. ಯಾರ ಎತ್ತು ತಪ್ಪಿಸಿಕೊಂಡರೂ ಹುಡುಕಿ ತರುವವನು ಅವನೇ. ಅವನ ಮಂದೆ ಹೊಲದ ಹತ್ತಿರ ಬಂತೆಂದರೆ ರೈತರ ಹೆಂಗಸರು ಮಜ್ಜಿಗೆಯ ತಂಬಿಗೆ ಹಿಡಿದು ಬದುವಿನ ಮೇಲೆ ನಿಲ್ಲುತ್ತಿದ್ದರು. ಗಂಡಸರಿಗೂ ಅದರಿಂದ ಸಿಟ್ಟು ಬರುತ್ತಿರಲಿಲ್ಲವೆಂದರೆ ಅವನು ಎಂಥವನೆಂದು ನೀವೇ ತಿಳಿಯಬೇಕು.

ಇಂಥವನು ಸತ್ತದ್ದು ಸೊಲ್ಲಾಪುರದಲ್ಲಿ, ಒಂದು ಕೋಣೆಯೊಳಗೆ, ಗಾದಿಯ ಮೇಲೆ.

ಕಳಿಸಿದವಳು ತುಳಜಾಬಾಯಿಯೇ. ಮೂವತ್ತರ ಹತ್ತಿರ ಬಂದ ತಮ್ಮನಿಗೆ ಇನ್ನೂ ಲಗ್ನವಾಗಿಲ್ಲವೆಂಬ ಕೊರಗು ಆಕೆಗೆ. ಗಿರಣಿಯಲ್ಲಿ ದುಡಿಯುವ ದೂರದ ನೆಂಟರೊಬ್ಬರ ಮಗಳನ್ನು ನೋಡಿ ಬರಲು ಅವನನ್ನು ಹೇಗೋ ಒಪ್ಪಿಸಿದಳು. ಹೋಗುವಾಗ, "ಪಾವಣ್ಯಾರ ಮನ್ಯಾಗ ನಿನ್ನ ಹುಚ್ಚಾಟ ನಡಸಬ್ಯಾಡ. ಅವರು ಎಲ್ಲಿ ಮಲಗಂತಾರ ಅಲ್ಲೇ ಮಲಗು," ಎಂದು ಬುದ್ಧಿ ಹೇಳಿದಳು. ಅವನು ಹೋದ, ಹುಡುಗಿಯನ್ನು ನೋಡಿದ, ನಕ್ಕ ಕೂಡ ಅಂತೆ. ಹುಡುಗಿಯ ಮನೆಯವರು ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಶ್ರಾವಣದ ಮಳೆ ಹಿಡಿದಿತ್ತು. ಅಳಿಯನಾಗುವವನನ್ನು ಹೊರಗೆ ಮಲಗಿಸಿದರೆ ಮಂದಿ ಏನೆಂದಾರು ಎಂದು ಒಳಗಿನ ಕೋಣೆಯಲ್ಲಿ ಗಾದಿ ಹಾಸಿದರು. ಅಕ್ಕನ ಮಾತು ಮೀರಬಾರದೆಂದು ಅವನು ಮಲಗಿದ. ಬೆಳಗಿನ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ನೆನೆದ ಮಣ್ಣಿನ ಗೋಡೆ ಒಳಗೆ ಬಿತ್ತು, ಅದರ ಹಿಂದೆಯೇ ಮಾಳಿಗೆ ಬಂತು. ಅದೇ ಕೋಣೆಯಲ್ಲಿ ಬುಟ್ಟಿಯ ಕೆಳಗೆ ಕವುಚಿದ್ದ ಕೋಳಿಗೆ ಏನೂ ಆಗಲಿಲ್ಲ.

ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು ಎಂದರು ಊರವರು. ತುಳಜಾಬಾಯಿ ಅಳಲಿಲ್ಲ. ಅಳುತ್ತ ಕೂತರೆ ಬೆಳಿಗ್ಗೆ ಕುರಿ ಬಿಡುವವರು ಯಾರು?

ಆಕೆ ಬಿಟ್ಟ ಕುರಿಯನ್ನು ಸದ್ಯಕ್ಕೆ ಊರ ಸುತ್ತಲೇ ಮೇಯಿಸಿಕೊಂಡಿದ್ದವರು ಭೀಮಣ್ಣ ಕಾಕಾನ ಮಕ್ಕಳು. ಭೀಮಣ್ಣ ಆಕೆಯ ತಂದೆಯ ತಮ್ಮ, ಮನೆತನದ ಹಿರಿಯ. ನವರಾತ್ರಿ ಮುಗಿದ ಮೇಲೆ ಒಂದು ದಿನ ಅವನು ಬಂದು ಕಟ್ಟೆಯ ಮೇಲೆ ಕೂತ. ಅವನ ಬಾಯಿ ಅಭ್ಯಾಸಬಲದಿಂದ "ಖಂಡಪ್ಪ ಎಲ್ಲಿ" ಎಂದು ಶುರುಮಾಡಿತ್ತು. ಅದನ್ನು ನುಂಗಿಕೊಂಡು ಬೇರೆ ಮಾತೆತ್ತಿದ.

"ತುಳಜಾ, ಅಂವನ ಟಾಕ ಮಾಡಿಸಿ ಒಳಗ ತರಬೇಕವ್ವಾ."

ಟಾಕ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟು ಬೆಳ್ಳಿಯ ತಗಡು. ಸತ್ತವನ ರೂಪ ಅದರಲ್ಲಿ ಮೂಡಿಸಿ ದೇವರ ಜಗಲಿಯ ಮೇಲೆ ಕುಲದೇವರಾದ ಬೀರೋಬಾನ ಪಕ್ಕದಲ್ಲಿ ಕೂರಿಸುತ್ತಾರೆ. ಹಾಗೆ ಕೂತವನು ಮನೆ ಕಾಯುತ್ತಾನೆ, ಕೂರದವನು ಅಲೆಯುತ್ತಾನೆ. ಬದುಕಿದ್ದಾಗ ಅಲೆದರೆ ಅದು ಕಸುಬು, ಸತ್ತಮೇಲೆ ಅಲೆದರೆ ಅದು ಕಾಟ. ಅದರಲ್ಲೂ ಲಗ್ನವಿಲ್ಲದೆ ಸತ್ತವನ ಕಾಟ ಕೆಟ್ಟದ್ದು.

"ಅಂವೇನು ಕಾಟ ಕೊಟ್ಟಾನ?" ಎಂದಳು ತುಳಜಾಬಾಯಿ.

ಭೀಮಣ್ಣ ಹೇಳಿದ. ಒಂದು ಗಬ್ಬದ ಕುರಿ ಕಂದು ಹಾಕಿತು. ಖಂಡಪ್ಪನ ನಾಯಿ ಕೂಳು ಬಿಟ್ಟಿದೆ. ತನ್ನ ಮೊಣಕಾಲು ಹಗಲೂ ರಾತ್ರಿ ಹಿಡಿಯುತ್ತದೆ. ಆ ಮೊಣಕಾಲು ಖಂಡಪ್ಪ ಹುಟ್ಟುವ ಮೊದಲಿನಿಂದಲೂ ಹಿಡಿಯುತ್ತಿತ್ತು. ಆದರೆ ಹಿರಿಯರ ಮೊಣಕಾಲಿನ ಜೊತೆ ವಾದ ಮಾಡಲಿಕ್ಕಾಗುವುದಿಲ್ಲ.

"ದೀಪಾವಳಿ ಅಮಾಸಿ ಆದ ಮ್ಯಾಲ ನಮ್ಮ ಕುರಿಮಂದಿ ಹೊಳಿ ಕಡಿ ಹೊಂಡತೈತಿ. ಒಳಗ ಬರದಾಂವನ ಕುರಿ ನಮ್ಮ ಕುರಿಯಾಗ ಕೂಡಸಾಕ ಆಗೂದಿಲ್ಲ. ಟಾಕ ಮಾಡಸು. ಇಲ್ಲಾಂದ್ರ ಕುರಿ ಮಾರಿಬಿಡು."

"ಕಾಕಾ, ನಾ ಒಮ್ಮಿ ಅಂವಗ ಒಳಗ ಮಲಗು ಅಂದೆ. ಏನಾತು ನೋಡಿದ್ರಿ. ಇನ್ನೊಮ್ಮಿ ಒಳಗ ಬಾ ಅಂತ ಯಾವ ಬಾಯಿಲೆ ಅನ್ಲಿ?"

ಭೀಮಣ್ಣ ಚಹಾ ಕುಡಿದು ಹೋದ. ಮಾರುವುದೆಂದರೆ ಸೊಲ್ಲಾಪುರದ ಕಟುಕರಿಗೆ. ಒಂದೊಂದಕ್ಕೂ ಹೆಸರಿಟ್ಟು ಅವನು ಬೆಳೆಸಿದ ಕುರಿ ಅವು. ಕುರಿ ಉಳಿಯಬೇಕಾದರೆ ತಮ್ಮ ಮಾಳಿಗೆಯ ಕೆಳಗೆ ಬರಬೇಕು. ತಮ್ಮ ಹೊರಗೇ ಇರಬೇಕಾದರೆ ಕುರಿ ಕತ್ತಿಗೆ ಹೋಗಬೇಕು. ಅತ್ತ ದರಿ, ಇತ್ತ ಪುಲಿ. ದೀಪಾವಳಿಯ ಮುಂಚಿನ ಸಂತೆಯ ದಿನ ತುಳಜಾಬಾಯಿ ಕಾಲಿನ ಹಳೆಯ ಬೆಳ್ಳಿಯ ಕಡಗ ಸೆರಗಿಗೆ ಕಟ್ಟಿಕೊಂಡು ಎಸ್‌.ಟಿ. ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೋದಳು.

ಅಲ್ಲಿಯ ಸ್ವಾಮಿಗಳ ದರ್ಶನಕ್ಕೆ ಬಂದ ಮಂದಿಗೆ ಬೆಳ್ಳಿಯ ಪಾದುಕೆ ಮಾರಿ ಪತ್ತಾರ ಅಮೃತಪ್ಪ ದಣಿದಿದ್ದ. ಕಡಗ ಕರಗಿಸಿ ತಗಡು ಬಡಿಯುವವರೆಗೆ ಅವನು ಏನೂ ಕೇಳಲಿಲ್ಲ. ಆಮೇಲೆ ಕೇಳಿದ.

"ಯಾರದವ್ವಾ ಟಾಕ?"

"ತಮ್ಮಂದ್ರಿ ಮಾಮಾ."

"ಗಂಡಸು. ಹಂಗಾರ ಕುದರಿ," ಎಂದು ಅವನು ಕಂಚಿನ ಅಚ್ಚೊಂದನ್ನು ಎಳೆದುಕೊಂಡ.

"ನಮ್ಮಂವ ಕುದರಿ ಹತ್ತಿದಾಂವ ಅಲ್ರಿ. ಮಂದ್ಯಾಗ ಒಂದು ತಟ್ಟು ಕುದರಿ ಇತ್ತು. ಅದರ ಮ್ಯಾಲ ಮರಿ ಹೇರಿ ತಾ ಬಾಜೂಕ ನಡಕೋತ ಹೋಗಾಂವ. ನಡಿಯೂಹಂಗ ಮಾಡ್ರಿ."

"ನಡಿಯೂ ಅಚ್ಚು ಇಲ್ಲವ್ವಾ. ನಮ್ಮಪ್ಪನ ಕಾಲದಿಂದ ಈ ತಾಲೂಕಿನಾಗ ಸತ್ತ ಗಂಡಸರೆಲ್ಲಾ ಕುದರಿ ಮ್ಯಾಲೇ ಹೋಗ್ಯಾರ. ಗಾಣದ ಮಲಕಾಜಪ್ಪ, ಅಗಸರ ಕತ್ತೆ ಎದುರಿಗಿ ಬಂದ್ರೂ ಓಣಿ ಬಿಟ್ಟು ಹೋಗಾಂವ. ಅಂವಗೂ ಕುದರಿ ಕೊಟ್ಟೀನಿ, ಮ್ಯಾಲ ತಲವಾರನೂ ಕೊಟ್ಟೀನಿ. ಮನ್ಯಾಗಿನವರು ಭಾಳ ಖುಷಿ ಆದ್ರು. ನಿನ್ನ ತಮ್ಮನ ಹೆಸರೇನು?"

"ಖಂಡಪ್ಪ."

"ನೋಡು ಮತ್ತ! ಖಂಡೋಬಾ ದೇವರು ಸ್ವತಾ ಕುದರಿ ಮ್ಯಾಲ ಇರಾಂವ. ಆ ಹೆಸರ ಇಟಗೊಂಡು ನಡಕೋತ ಹೋಗ್ತೀನಿ ಅಂದ್ರ ಹೆಂಗ?"

ಅಮೃತಪ್ಪ ತಗಡನ್ನು ಅಚ್ಚಿನ ಮೇಲಿಟ್ಟು, ಅದರ ಮೇಲೆ ಸೀಸದ ತುಂಡಿಟ್ಟು, ಸುತ್ತಿಗೆಯಿಂದ ಬಡಿದ. ಬಿಡಿಸಿ ತೆಗೆದು ಆಕೆಯ ಅಂಗೈಯಲ್ಲಿಟ್ಟ. ಒಂದು ಕುದುರೆ ಮುಂಗಾಲೆತ್ತಿ ನಿಂತಿತ್ತು. ಅದರ ಮೇಲೆ ಕಿವಿಯವರೆಗೆ ಮೀಸೆಯಿದ್ದ ಒಬ್ಬ ಸರದಾರ ತಲವಾರ ಝಳಪಿಸುತ್ತಿದ್ದ. ಕೆಳಗೆ ಒಂದು ನಾಯಿ ಓಡುತ್ತಿತ್ತು.

"ಇಂವ ಯಾರ್ರಿ?"

"ನಿನ್ನ ತಮ್ಮ."

"ಈ ಮನಶ್ಯಾನ್ನ ನಾ ಎಂದೂ ನೋಡಿಲ್ಲ. ನಾಯಿ ನಮ್ಮದೇ ಹೌದು. ಇಂವ ನಮ್ಮಂವ ಅಲ್ಲ. ಇಂವ ಆನಂದಲೆ ಮನ್ಯಾಗ ಕುಂದ್ರತಾನ. ನಮ್ಮಂವ ನಿಮ್ಮ ಅಂಗಡ್ಯಾಗೂ ಕಾಲಿಡಲಿಲ್ಲ. ಬೀರೋಬಾಗ ಬೆಳ್ಳಿ ಕಣ್ಣ ತರಾಕ ಬಂದಾಗ ಆ ಬೇವಿನ ಗಿಡದ ಬುಡಕ ಕುಂತಿದ್ನಂತ."

ಅಮೃತಪ್ಪ ರಸ್ತೆಯ ಆಚೆಗಿನ ಬೇವಿನ ಮರವನ್ನು ನೋಡಿದ.

"ಅಲ್ಲಿಂದ ಒದರಿ ವ್ಯಾಪಾರ ಮಾಡಿದಾಂವಾ? ನಾ ಇಲ್ಲಿಂದ ಒದರಿ ದರ ಹೇಳಿದ್ದೆ. ಇಡೀ ಪ್ಯಾಟಿಗಿ ನನ್ನ ದರ ಗೊತ್ತಾಗಿ ಒಂದು ವರ್ಷ ಯಾರೂ ಹೆಚ್ಚಿಗಿ ಕೊಡಲಿಲ್ಲ. ಎಂಥಾ ನಗೀ ಅಂವಂದು! ಅಂವ ಸತ್ತನಾ?"

"ಹೂಂನ್ರಿ."

ಅಮೃತಪ್ಪನಿಗೆ ನಿಜವಾಗಿಯೂ ಕೆಡುಕೆನಿಸಿತು. ಒಮ್ಮೆ ಮಾತ್ರ ಕಂಡ ಗಿರಾಕಿ, ಅದೂ ರಸ್ತೆಯಾಚೆಯಿಂದ. ಆದರೂ ಆ ದಿನ ಸಂಜೆಯವರೆಗೆ ಅವನು ಒಬ್ಬನೇ ನಗುತ್ತ ಕೆಲಸ ಮಾಡಿದ್ದ. ಕಣ್ಣಿನ ಚಾಳೀಸು ತೆಗೆದು ಒರೆಸಿಕೊಂಡು, "ಈಗ ಏನ ಮಾಡ್ಲೆವ್ವಾ? ಅಚ್ಚು ಇರೂದು ಇದೊಂದೇ," ಎಂದ.

"ಇಂವನ್ನ ಕುದರಿ ಮ್ಯಾಲಿಂದ ಇಳಸ್ರಿ."

"ಇಳಿಸಿ ಎಲ್ಲಿ ಇಡ್ಲಿ?"

"ಎಲ್ಲೂ ಇಡಬ್ಯಾಡ್ರಿ."

ಅಮೃತಪ್ಪ ತಗಡನ್ನು ಮರದ ತುಂಡಿನ ಮೇಲೆ ಕವುಚಿ ಹಾಕಿ ಚಿಕ್ಕ ಸುತ್ತಿಗೆ ಹಿಡಿದ. ಮೊದಲು ತಲವಾರ ಹೋಯಿತು, ಬಳಿಕ ರುಮಾಲು ಹೋಯಿತು. ಮೀಸೆಯ ಹತ್ತಿರ ಬಂದಾಗ ಅವನು ನಿಟ್ಟುಸಿರು ಬಿಟ್ಟ. ಅದು ಅವನ ಅಪ್ಪ ಕೊರೆದ ಅಚ್ಚಿನ ಮೀಸೆ. ಸರದಾರ ಇದ್ದ ಜಾಗವೆಲ್ಲ ನುಣುಪಾದ ಮೇಲೆ ಕುದುರೆ ಉಳಿಯಿತು, ನಾಯಿ ಉಳಿಯಿತು.

ಅಮಾವಾಸ್ಯೆಯ ದಿನ ಮನೆತನದವರೆಲ್ಲ ಸೇರಿದರು. ಜಗಲಿ ಸಾರಿಸಿ, ಬೀರೋಬಾನಿಗೆ ಭಂಡಾರದ ಅರಿಶಿನ ಹಚ್ಚಿ, ಹೋಳಿಗೆಯ ಎಡೆ ಇಟ್ಟಿದ್ದರು. ಭೀಮಣ್ಣ ಮೊಣಕಾಲು ಹಿಡಿದುಕೊಂಡು ಜಗಲಿಯ ಮುಂದೆ ಕೂತು ಕೈ ಚಾಚಿದ. ತುಳಜಾಬಾಯಿ ಸೆರಗಿನ ಗಂಟು ಬಿಚ್ಚಿ ಟಾಕವನ್ನು ಅವನ ಕೈಗಿಟ್ಟಳು. ಇದನ್ನು ಅವನು ಒಪ್ಪದಿದ್ದರೆ ನಾಳೆ ಕಟುಕರು ಬರುತ್ತಾರೆ, ಅದು ಆಕೆಗೆ ಗೊತ್ತಿತ್ತು.

ಭೀಮಣ್ಣ ಟಾಕವನ್ನು ದೀಪದ ಹತ್ತಿರ ಹಿಡಿದ. ತಿರುಗಿಸಿ ನೋಡಿದ. ಹಿಂದೆಯೂ ಯಾರೂ ಇರಲಿಲ್ಲ.

"ತುಳಜಾ, ಕುದರಿ ಐತಿ, ನಾಯಿ ಐತಿ. ಖಂಡಪ್ಪ ಎಲ್ಲಿ ಅದಾನ?"

"ಕುರಿ ಹಿಂದ ಹೋಗ್ಯಾನ್ರಿ ಕಾಕಾ."

ಯಾರೂ ನಗಲಿಲ್ಲ. ಭೀಮಣ್ಣ ಕುದುರೆಯನ್ನೇ ನೋಡುತ್ತಿದ್ದ. ಇದೇ ಬಾಗಿಲಲ್ಲಿ ಎಷ್ಟೋ ವರ್ಷ ಅವನು ಇದೇ ಪ್ರಶ್ನೆ ಕೇಳಿದ್ದ, ಇದೇ ಉತ್ತರ ಪಡೆದಿದ್ದ. ಒಂದು ಕೇಳಿದ ಮೇಲೆ ಇನ್ನೊಂದು ಕೇಳುವುದು ನಾಲಿಗೆಗೆ ರೂಢಿ. ತಡೆಯಬೇಕೆನ್ನುವಷ್ಟರಲ್ಲಿ ಅದು ಬಾಯಿಂದ ಬಿದ್ದಿತ್ತು.

"ಯಾವಾಗ ಬರ್ತಾನ?"

ತುಳಜಾಬಾಯಿ ಎಂದಿನಂತೆ ಹೇಳಲು ಬಾಯಿ ತೆರೆದಳು. ಶ್ರಾವಣದಿಂದ ಕಟ್ಟಿಕೊಂಡಿದ್ದ ಅಳು ಒಮ್ಮೆಲೇ ಬಂತು. ಆಕೆ ಕಂಬ ಹಿಡಿದು ಕುಸಿದು ಕೂತು, ಸೆರಗು ಬಾಯಿಗಿಟ್ಟುಕೊಳ್ಳುವುದನ್ನೂ ಮರೆತು, ಕೂಸಿನ ಹಾಗೆ ಅತ್ತಳು. ಹೆಂಗಸರು ಏಳಲು ಹೋದರು. ಭೀಮಣ್ಣ ಬೇಡವೆಂದು ಕೈ ಮಾಡಿದ. ಅವನ ಕಣ್ಣಲ್ಲೂ ನೀರು ಬಂದಿತ್ತು.

"ಅಮಾಸಿಗಿ ಬರ್ತಾನ ಬಿಡವ್ವಾ," ಎಂದ. "ಅಮಾಸಿಗಿ ಬರ್ತಾನ."

ಟಾಕವನ್ನು ಅವನೇ ಜಗಲಿಯ ಮೇಲಿಟ್ಟ. ಬೀರೋಬಾನ ಕಡೆಗಿದ್ದ ಕುದುರೆಯ ಮುಖವನ್ನು ಬಾಗಿಲ ಕಡೆಗೆ ತಿರುಗಿಸಿದ. ಊಟಕ್ಕೆ ಬಡಿಸುವಾಗ ಒಂದು ತಾಟನ್ನು ತೆಗೆದು ಹೊರಗಿನ ಕಟ್ಟೆಯ ಮೇಲಿಡಲು ಹೇಳಿದ. ಆಮೇಲೆ ಮೊಣಕಾಲನ್ನು ಶಪಿಸುತ್ತ ಎದ್ದು ಅಂಗಳಕ್ಕೆ ಬಂದು, ನಾಳೆ ನಸುಕಿನಲ್ಲಿ ಖಂಡಪ್ಪನ ಕುರಿಯನ್ನು ಮಂದೆಗೆ ಕೂಡಿಸಿರಿ ಎಂದು ಮಕ್ಕಳಿಗೆ ತಿಳಿಸಿದ.